ವಿಜ್ಞಾನ ಪ್ರದರ್ಶನಕ್ಕೆ ಮನೆಯ ರಾಗಿಯೇ ಸಾಕು

ಶಾಲೆಯಲ್ಲಿ ವಿಜ್ಞಾನ ಪ್ರದರ್ಶನವೆಂಬ ಸುದ್ದಿ ಬಂದೊಡನೆ ನಮ್ಮ ಹೊಸೂರು, ಕೃಷ್ಣಗಿರಿ ಸೀಮೆಯ ಮನೆಗಳಲ್ಲಿ ಗಡಿಬಿಡಿ ಹುಟ್ಟುತ್ತದೆ. ಏನಾದರೂ ಮಾಡಿಕೊಡಿರೆಂದು ಮಕ್ಕಳು ದುಂಬಾಲು ಬೀಳುತ್ತಾರೆ. ತಂದೆಯಾದವನು ಹೊಲದ ಕೆಲಸ ಬಿಟ್ಟು ಪೇಟೆಗೆ ಓಡಿ, ಬಣ್ಣ, ಬಲ್ಬು, ರಟ್ಟು ತಂದು ರಾತ್ರಿಯೆಲ್ಲ ಅಂಟಿಸುತ್ತಾನೆ. ಬೆಳಗಾದರೆ ಅದು ಮಗುವಿನ ಹೆಸರಿನಲ್ಲಿ ಮೇಜಿನ ಮೇಲೆ ಕೂರುತ್ತದೆ.

ಪಾಠ ಹೇಳುವ ನಾವೂ ಈ ತಪ್ಪು ಮಾಡಿದವರೇ. ತಮ್ಮನ ಮಗಳಿಗಾಗಿ ಒಮ್ಮೆ ಕೆಲವರಪಳ್ಳಿ ಅಣೆಕಟ್ಟಿನ ಮಾದರಿಯನ್ನು ಅಂದವಾಗಿ ಕಟ್ಟಿಕೊಟ್ಟೆವು. ನೋಡಲು ಬಂದವರು, "ಇದರಿಂದ ನೀನು ಕಂಡುಕೊಂಡದ್ದೇನಮ್ಮ?" ಎಂದು ಕೇಳಿದರು. ಮಗು ನಮ್ಮ ಮುಖ ನೋಡಿತು. ನಾವು ನೆಲ ನೋಡಿದೆವು.

ಮರುವರ್ಷ ನಾವು ಏನನ್ನೂ ಸೂಚಿಸದೆ, ಅವಳ ಮಾತಿಗೆ ಕಿವಿಗೊಟ್ಟು ಕುಳಿತೆವು. ಅಟ್ಟದ ಮೇಲಿನ ಡಬ್ಬದಲ್ಲಿದ್ದ ಮೂರು ವರ್ಷದ ರಾಗಿಯನ್ನೇ ಬಿತ್ತುವೆನೆಂದು ತಮ್ಮ ಹೇಳುತ್ತಿದ್ದ. ರಾಗಿ ಎಷ್ಟು ವರ್ಷವಾದರೂ ಕೆಡದೆಂದು ನಮ್ಮ ತಾಯಿಯವರೂ ಅವನ ಪರ ವಹಿಸಿದರು. ಆಗ ಹುಡುಗಿ, "ದೊಡ್ಡಪ್ಪ, ಉಣ್ಣೋಕೆ ಕೆಡದ ರಾಗಿ ಬಿತ್ತೋಕೂ ಕೆಡಲ್ವಾ?" ಎಂದಳು. ನಮಗೆ ಬೇಕಾಗಿದ್ದ ಪ್ರಶ್ನೆ ಸಿಕ್ಕಿತು.

ಪ್ರಯೋಗ ಬಹು ಸುಲಭ. ಒಂದೇ ತಳಿಯ, ಮನೆಯಲ್ಲೇ ಎತ್ತಿಟ್ಟ ರಾಗಿಯಿರಬೇಕು. ಔಷಧಿ ಬೆರೆಸಿದ ಅಂಗಡಿಯ ಬೀಜವನ್ನು ಮಕ್ಕಳ ಕೈಗೆ ಕೊಡತಕ್ಕದ್ದಲ್ಲ. ಹಿಂದಿನ ಸುಗ್ಗಿಯ 100 ಕಾಳು, ಮೂರು ವರ್ಷದ ಹಳೆಯ 100 ಕಾಳು ಎಣಿಸಿ, ಬೇರೆ ಬೇರೆ ತಟ್ಟೆಗಳಲ್ಲಿ ಒದ್ದೆ ಬಟ್ಟೆಯ ಮೇಲೆ ಹರಡಿ, ಮೇಲೊಂದು ಒದ್ದೆ ಬಟ್ಟೆ ಮುಚ್ಚಬೇಕು. ಬಟ್ಟೆ ಒಣಗಬಾರದು, ನೀರೂ ನಿಲ್ಲಬಾರದು. ಜಾಗ, ನೀರು, ಬಟ್ಟೆ ಎಲ್ಲವೂ ಎರಡಕ್ಕೂ ಒಂದೇ. ಕಾಳಿನ ವಯಸ್ಸೊಂದೇ ಬೇರೆ. ಎರಡು ಸಂಗತಿ ಒಟ್ಟಿಗೆ ಬದಲಾದರೆ ಕಾರಣ ಯಾವುದೆಂದು ತಿಳಿಯದು. 4ನೆಯ ದಿನ ಒಮ್ಮೆ, 8ನೆಯ ದಿನ ಒಮ್ಮೆ ಮೊಳಕೆ ಎಣಿಸಿ ಪುಸ್ತಕದಲ್ಲಿ ಬರೆಯಬೇಕು. ಒಂದು ಸಲದ ಫಲ ಆಕಸ್ಮಿಕವಿರಬಹುದಾದ್ದರಿಂದ ಮೂರು ಸಲ ಮಾಡುವುದು ಮೇಲು.

ಹೊಸ ಕಾಳು ಬಹುಪಾಲು ಮೊಳೆಯಿತು. ಹಳೆಯದರಲ್ಲಿ ಅರ್ಧವೂ ಏಳಲಿಲ್ಲ. ಬೀಜವೂ ಉಸಿರಾಡುವ ಜೀವ. ಕಾವು, ತೇವಗಳಿಂದ ಅದರ ಜೀವಶಕ್ತಿ ಬೇಗ ಕುಂದುತ್ತದೆ. ಹಿಟ್ಟು ಮಾತ್ರ ಉಣ್ಣಲು ಉಳಿದಿರುತ್ತದೆ. ದೃಢೀಕೃತ ರಾಗಿ ಬೀಜ ನೂರಕ್ಕೆ 75ಕ್ಕೆ ಕಡಿಮೆಯಿಲ್ಲದೆ ಮೊಳೆಯಬೇಕೆಂಬುದು ನಿಯಮ. ಮಗಳ ಪುಸ್ತಕ ನೋಡಿ ತಮ್ಮ ಬೀಜ ಬದಲಾಯಿಸಿದ. ಪ್ರದರ್ಶನದಲ್ಲಿ ಬಹುಮಾನ ಬರಲಿಲ್ಲ. ಆದರೆ ಆ ವರ್ಷದ ಬಿತ್ತನೆ ಉಳಿಯಿತು. ಕೇಳಿದ ಪ್ರಶ್ನೆಗಳಿಗೆಲ್ಲ ಹುಡುಗಿಯೇ ಉತ್ತರ ಹೇಳಿದಳು: ಕನ್ನಡದಲ್ಲಿ ರಾಗಿಯೆಂದೂ ತಮಿಳಿನಲ್ಲಿ ಕೇಳ್ವರಗೆಂದೂ ತಡವರಿಸದೆ ನುಡಿದಳು. ತಾನು ಕಂಡದ್ದನ್ನು ಹೇಳುವವರಿಗೆ ಯಾವ ಭಾಷೆಯೂ ಅಡ್ಡಿಯಾಗದು.

ವಿಷಯ ಆರಿಸುವಾಗ ಹಿರಿಯರು ನೋಡಬೇಕಾದ್ದು ಇಷ್ಟೆ: ಪ್ರಶ್ನೆ ಮಗುವಿನದೇ ಆಗಿದೆಯೇ, ಎಣಿಸಿ ಅಥವಾ ಅಳೆದು ಉತ್ತರ ಪಡೆಯಬಹುದೇ, ಇರುವ ದಿನಗಳಲ್ಲಿ ಮುಗಿಯುವುದೇ, ಅಪಾಯವಿಲ್ಲವೇ. ಅಣೆಕಟ್ಟಿನ ನೀರಿನಲ್ಲಿ ನೊರೆ ಕಂಡು ಮಗು ಏಕೆಂದು ಕೇಳಿದರೆ ಪ್ರಶ್ನೆ ಒಳ್ಳೆಯದೇ. ಆದರೆ ಆ ನೀರಿಗೆ ಮಗುವನ್ನು ಇಳಿಸಬಾರದು.

ರಾಗಿಯೆಂದರೆ ಸಣ್ಣ ವಿಷಯವೆಂದು ಯಾರೂ ಭಾವಿಸಬೇಕಾಗಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು ನಮ್ಮ ದೇಶದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಕೊಟ್ಟು, ರಾಗಿ ಲಕ್ಷ್ಮಣಯ್ಯನೆಂದೇ ಹೆಸರಾದರು. ಈ ಸಲ ಪೇಟೆಗೆ ಹೊರಡುವ ಮುನ್ನ ಮಗುವನ್ನು ಹೊಲದ ಬದುವಿನ ಮೇಲೆ ಒಂದು ಗಳಿಗೆ ಕೂರಿಸಿಕೊಳ್ಳಿರಿ. ಅದು ಏನು ಕೇಳುವುದೋ ಕೇಳಲಿ. ಉತ್ತರವನ್ನು ಮಾತ್ರ ನೀವು ಹೇಳಿಬಿಡಬೇಡಿರಿ.