ನಾಲ್ಕು ತುದಿಗಳು ಮತ್ತು ಒಂದು ಕೋಲಿನ ನೆರಳು

ಕರ್ನಾಟಕದ ನಾಲ್ಕು ತುದಿಗಳು ಯಾವುವು ಎಂದು ಕೇಳಿದರೆ ಪ್ರೌಢಶಾಲೆಯ ವಿದ್ಯಾರ್ಥಿಗಳು ತಡವರಿಸದೆ ಉತ್ತರಿಸುತ್ತಾರೆ: ಉತ್ತರಕ್ಕೆ ಬೀದರ್ ಜಿಲ್ಲೆಯ ಔರಾದ್, ದಕ್ಷಿಣಕ್ಕೆ ಚಾಮರಾಜನಗರ ಜಿಲ್ಲೆ, ಪಶ್ಚಿಮಕ್ಕೆ ಕಾರವಾರ, ಪೂರ್ವಕ್ಕೆ ಮುಳಬಾಗಿಲು. ರಾಜ್ಯವು ಸುಮಾರು 11.5°ಯಿಂದ 18.5° ಉತ್ತರ ಅಕ್ಷಾಂಶದವರೆಗೆ, 74°ಯಿಂದ 78.5° ಪೂರ್ವ ರೇಖಾಂಶದವರೆಗೆ ಹರಡಿದೆ ಎಂದೂ ಸೇರಿಸುತ್ತಾರೆ. ಪಾಠ ಅಲ್ಲಿಗೆ ಮುಗಿಯುತ್ತದೆ. ಈ ಸಂಖ್ಯೆಗಳು ಏನನ್ನು ಹೇಳುತ್ತವೆ ಎಂದು ನಾವು ಕೇಳುವುದು ಅಪರೂಪ.

ತುದಿಗಳನ್ನು ಗೊತ್ತುಮಾಡಿದ್ದು ಮನುಷ್ಯರೇ. 1956ರ ನವೆಂಬರ್ 1ಕ್ಕೆ ಮುಂಚೆ ಬೀದರ್ ಹೈದರಾಬಾದ್ ರಾಜ್ಯದಲ್ಲಿ, ಕಾರವಾರ ಮುಂಬಯಿ ರಾಜ್ಯದಲ್ಲಿ ಇದ್ದವು. ಆದರೆ ಅಕ್ಷಾಂಶ, ರೇಖಾಂಶಗಳು ನಿಸರ್ಗದ ಲೆಕ್ಕಕ್ಕೆ ಸೇರಿದವು. ಅವನ್ನು ಸೂರ್ಯನಿಂದಲೇ ಓದಬಹುದು.

ಮೊದಲು ರೇಖಾಂಶ. ಭೂಮಿ 24 ಗಂಟೆಗಳಲ್ಲಿ 360° ತಿರುಗುವುದರಿಂದ ಒಂದು ಡಿಗ್ರಿಗೆ 4 ನಿಮಿಷ. ನಮ್ಮ 4.5°ಗೆ 18 ನಿಮಿಷ. ವಿಷುವದ ದಿನ ಮುಳಬಾಗಿಲಿನ ಅಂಚಿನಲ್ಲಿ ಸೂರ್ಯ ಮೂಡಿದ ಸುಮಾರು 18 ನಿಮಿಷಗಳ ಅನಂತರ ಕಾರವಾರದಲ್ಲಿ ಮೂಡುತ್ತಾನೆ. (ಅಲ್ಲಿ ಪೂರ್ವಕ್ಕೆ ಘಟ್ಟಗಳು ಅಡ್ಡವಿರುವುದರಿಂದ ಕಣ್ಣಿಗೆ ಕಾಣುವುದು ಇನ್ನೂ ತಡ!)

ಅಕ್ಷಾಂಶದ ಕಥೆ ಇದಕ್ಕಿಂತ ಸ್ವಾರಸ್ಯಕರ. ಜೂನ್ 21ರಂದು ಉತ್ತರಕ್ಕೆ ಹೋದಷ್ಟೂ ಸೂರ್ಯನ ದೈನಂದಿನ ಪಥದ ಹೆಚ್ಚು ಭಾಗ ದಿಗಂತದ ಮೇಲಿರುತ್ತದೆ. ಹಾಗಾಗಿ ಆ ದಿನದ ಹಗಲು ನಮ್ಮ ಉತ್ತರ ತುದಿಯಲ್ಲಿ ದಕ್ಷಿಣ ತುದಿಗಿಂತ ಸುಮಾರು 26 ನಿಮಿಷ ಉದ್ದ. ಡಿಸೆಂಬರಿನಲ್ಲಿ ಇದು ತಿರುವುಮುರುವು. ಇನ್ನು ಸೂರ್ಯ ನೆತ್ತಿಯ ಮೇಲೆ ಬಂದು ಕೋಲಿಗೆ ನೆರಳೇ ಇಲ್ಲದಂತಾಗುವ ದಿನವನ್ನು ನೋಡಿ. ಮೋಯಾರ್ ಹೊಳೆಯ ಅಂಚಿನ ಕಾಡಿನಲ್ಲಿ ಅದು ಏಪ್ರಿಲ್ 20ರ ಸುಮಾರಿಗೆ, ಭದ್ರಾವತಿಯಲ್ಲಿ 27ರ ಸುಮಾರಿಗೆ, ಔರಾದಿನ ಉತ್ತರದಲ್ಲಿ ಮೇ 14ರ ಹೊತ್ತಿಗೆ. ನೆರಳಿಲ್ಲದ ಈ ರೇಖೆ ಏಪ್ರಿಲ್ 20ರಂದು ದಿನಕ್ಕೆ ಸುಮಾರು 38 ಕಿ.ಮೀ. ನಡೆದರೆ, ಮೇ ನಡುವಿಗೆ 27 ಕಿ.ಮೀ.ಗೆ ಇಳಿಯುತ್ತದೆ. ಕರ್ಕಾಟಕ ಸಂಕ್ರಾಂತಿ ವೃತ್ತವನ್ನು ಸಮೀಪಿಸುತ್ತ ಸೂರ್ಯನ ಉತ್ತರಾಭಿಮುಖ ಚಲನೆ ನಿಧಾನವಾಗುವುದೇ ಇದಕ್ಕೆ ಕಾರಣ. ಇದೇ ರೇಖೆ ಆಗಸ್ಟ್ 15-16ರ ಸುಮಾರಿಗೆ ಭದ್ರಾವತಿಯನ್ನು ಹಿಂದಿರುಗುವಾಗ ದಾಟುತ್ತದೆ. ಮಳೆಗಾಲದಲ್ಲಿ ನೋಡಸಿಗುವುದು ಅದೃಷ್ಟ.

ಭದ್ರಾವತಿಯ ನ್ಯೂ ಟೌನಿನ ಶಾಲೆಯ ಅಂಗಳದಲ್ಲಿ ಮಾಡಬಹುದಾದ ಪ್ರಯೋಗವೊಂದಿದೆ. ವಿಷುವದ ದಿನ (ಮಾರ್ಚ್ 21 ಅಥವಾ ಸೆಪ್ಟೆಂಬರ್ 23ರ ಆಸುಪಾಸು) ಒಂದು ಮೀಟರ್ ಕೋಲನ್ನು ಲಂಬವಾಗಿ ನೆಡಿ. ಅದರ ಅತಿ ಚಿಕ್ಕ ನೆರಳು ಸುಮಾರು 24.7 ಸೆಂ.ಮೀ. ಇರಬೇಕು. ಅಂದರೆ ಅಕ್ಷಾಂಶದ ಸ್ಪರ್ಶಕ 0.247, ಅಕ್ಷಾಂಶ 13.9°. ಅದೇ ದಿನ ಗುಂಡ್ಲುಪೇಟೆಯ ಗೆಳೆಯರಿಗೆ ಸಿಗುವುದು ಸುಮಾರು 21 ಸೆಂ.ಮೀ., ಔರಾದಿನವರಿಗೆ 33 ಸೆಂ.ಮೀ. ಈ ಇಬ್ಬರ ಅಕ್ಷಾಂಶ ವ್ಯತ್ಯಾಸ ಸುಮಾರು 6.4°. ನಕ್ಷೆಯ ಪ್ರಮಾಣದಿಂದ ಅವುಗಳ ಉತ್ತರ-ದಕ್ಷಿಣ ದೂರ ಸುಮಾರು 715 ಕಿ.ಮೀ. ಎಂದು ತಿಳಿದರೆ ಭೂಮಿಯ ಸುತ್ತಳತೆ 40,000 ಕಿ.ಮೀ.ಗೆ ಹತ್ತಿರ ಬರುತ್ತದೆ. ಎರಟೋಸ್ಥೆನೀಸ್ ಈಜಿಪ್ಟಿನಲ್ಲಿ ಮಾಡಿದ್ದೂ ಇದನ್ನೇ. ಅವನ ಬಳಿ ಇದ್ದದ್ದು ನೆರಳು ಮತ್ತು ಎರಡು ಊರುಗಳ ನಡುವಿನ ದೂರ.

ಅಳತೆಯನ್ನು ಗಡಿಯಾರದ 12ಕ್ಕೆ ಮಾಡಿ ಕೈತೊಳೆದುಕೊಳ್ಳಬೇಡಿ. ನಮ್ಮ ಗಡಿಯಾರ 82.5° ರೇಖಾಂಶದ್ದು, ಭದ್ರಾವತಿ 75.7°ಯಲ್ಲಿದೆ. ಹೀಗಾಗಿ ಅತಿ ಚಿಕ್ಕ ನೆರಳು ಮಾರ್ಚ್ 21ರಂದು ಸುಮಾರು 12:35ಕ್ಕೆ, ಸೆಪ್ಟೆಂಬರ್ 23ರಂದು ಸುಮಾರು 12:20ಕ್ಕೆ ಬೀಳುತ್ತದೆ. 12ರಿಂದ 1ರವರೆಗೆ ಐದೈದು ನಿಮಿಷಕ್ಕೊಮ್ಮೆ ಗುರುತು ಹಾಕುವುದು ಕ್ಷೇಮ. ಸೂರ್ಯ ಬಿಂದುವಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ನೆರಳಿನ ತುದಿ ಮಸುಕಾಗಿರುತ್ತದೆ, ಮಸುಕಿನ ನಡುವನ್ನು ಹಿಡಿಯಿರಿ. ಎರಡರಲ್ಲಿ ಒಂದು ನೆರಳು ಅರ್ಧ ಸೆಂ.ಮೀ. ತಪ್ಪಿದರೂ ಸುತ್ತಳತೆ ಸುಮಾರು 1,700 ಕಿ.ಮೀ. ಆಚೀಚೆ ಆಗುತ್ತದೆ. ಆದ್ದರಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕೋಲು ನೆಟ್ಟಗಿದೆಯೆ ಎಂದು ಮೊದಲೇ ನೋಡಿಕೊಳ್ಳಿ.