ಜಮಖಾನದ ಮೇಲೆ ಎಣ್ಣೆ ಚೆಲ್ಲಿದರೆ: ನಂಬಿಕೆ ಯಾವುದು, ನಿಜ ಯಾವುದು

ದೀಪಕ್ಕೆ ಎಣ್ಣೆ ಹಾಕುವಾಗ, ಪಂಕ್ತಿಯಲ್ಲಿ ಉಪ್ಪಿನಕಾಯಿ ಬಡಿಸುವಾಗ, ಮಗುವಿನ ತಲೆಗೆ ಎಣ್ಣೆ ತಟ್ಟುವಾಗ ಜಮಖಾನದ ಮೇಲೆ ಒಂದಿಷ್ಟು ಚೆಲ್ಲುವುದು ಎಲ್ಲ ಮನೆಯಲ್ಲೂ ಉಂಟು. ಆಗ ಒಬ್ಬರು ಬಿಸಿನೀರು ತನ್ನಿ ಅನ್ನುತ್ತಾರೆ, ಇನ್ನೊಬ್ಬರು ಉಪ್ಪು ಸುರಿಯಿರಿ ಅನ್ನುತ್ತಾರೆ, ಮತ್ತೊಬ್ಬರಿಗೆ ಸೀಮೆಎಣ್ಣೆ ನೆನಪಾಗುತ್ತದೆ. ಇಂಥ ಉಪಾಯಗಳಲ್ಲಿ ಹೆಚ್ಚಿನವು ಎಣ್ಣೆಯನ್ನು ಹೊರಗೆ ತರುವ ಬದಲು ಇನ್ನಷ್ಟು ಒಳಕ್ಕೆ ಕಳಿಸುತ್ತವೆ. ಕಲೆ ಮಸುಕಾದಂತೆ ಕಾಣುತ್ತದೆ. ನೂಲಿನಲ್ಲಿ ಉಳಿದ ಎಣ್ಣೆಗೆ ಮಾತ್ರ ದಿನದಿನವೂ ಧೂಳು ಅಂಟಿ, ಕೊನೆಗೆ ಆ ಜಾಗವೇ ಕಪ್ಪಾಗುತ್ತದೆ.

ಮೊದಲನೆಯ ನಂಬಿಕೆ, ಚೆಲ್ಲಿದ ತಕ್ಷಣ ನೀರು ಹಾಕಿ ಗಸಗಸ ಉಜ್ಜಬೇಕು ಎಂಬುದು. ತಕ್ಷಣ ಕೈಹಾಕಬೇಕು ಎನ್ನುವುದು ಸರಿ, ನೀರು ಮತ್ತು ಉಜ್ಜುವುದು ಎರಡೂ ತಪ್ಪು. ಬರಿ ನೀರಿಗೆ ಎಣ್ಣೆ ಕರಗುವುದಿಲ್ಲ. ಕುದಿನೀರು ಸುರಿದರೆ ಎಣ್ಣೆ ತೆಳುವಾಗಿ ಸುತ್ತಲೂ ಹರಡುತ್ತದೆ, ಅಡಿಗೂ ಇಳಿಯುತ್ತದೆ. ಉಜ್ಜಿದರೆ ಅಂಗೈಯಗಲದ ಕಲೆ ತಟ್ಟೆಯಗಲ ಆಗುತ್ತದೆ, ಜೊತೆಗೆ ನೂಲಿನ ಜುಂಗು ಏಳುತ್ತದೆ. ಬಿಳಿ ಹತ್ತಿ ಬಟ್ಟೆಯನ್ನು ಮೇಲಿಟ್ಟು ಒತ್ತಿ, ಎತ್ತಿ, ಬಟ್ಟೆಯ ಒಣಭಾಗಕ್ಕೆ ತಿರುಗಿಸಿ ಮತ್ತೆ ಒತ್ತಬೇಕು. ಕಲೆಯ ಅಂಚಿನಿಂದ ನಡುವಿನ ಕಡೆಗೆ ಬರಬೇಕು, ನಡುವಿನಿಂದ ಅಂಚಿಗಲ್ಲ. ಕೊಬ್ಬರಿ ಎಣ್ಣೆಯಾದರೆ ಇನ್ನೊಂದು ಅನುಕೂಲವಿದೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕಲೆಯ ಮೇಲೆ ಹಿಡಿದು, ಗಟ್ಟಿಯಾದದ್ದನ್ನು ಚಮಚದ ಅಂಚಿನಿಂದ ಕೆರೆದು ತೆಗೆಯಬಹುದು. ತುಪ್ಪಕ್ಕೂ ಇದೇ ದಾರಿ.

ಉಪ್ಪಿನ ಮಾತು ಬೇಗ ಮುಗಿಯುತ್ತದೆ. ಉಪ್ಪು ತೇವ ಎಳೆಯುವುದು ನಿಜ, ಮಳೆಗಾಲದಲ್ಲಿ ಡಬ್ಬಿಯೊಳಗೇ ನೀರೊಡೆಯುತ್ತದೆ. ಆದರೆ ಎಳೆದುಕೊಳ್ಳುವುದು ಗಾಳಿಯಲ್ಲಿರುವ ನೀರನ್ನು. ಎಣ್ಣೆ ಹರಳಿನ ಹೊರಮೈಗೆ ತುಸು ಅಂಟೀತು, ಅಷ್ಟೇ.

ಎಣ್ಣೆಯನ್ನು ನಿಜವಾಗಿ ಹೀರುವುದು ನುಣುಪಾದ ಹಿಟ್ಟು. ಅಭ್ಯಂಜನದ ದಿನ ಮೈಯ ಜಿಡ್ಡು ತೆಗೆಯಲು ನಮ್ಮ ಮನೆಗಳಲ್ಲಿ ಕಡಲೆಹಿಟ್ಟು ಬಳಸಿದ್ದು ಸುಮ್ಮನೆ ಅಲ್ಲ. ಬಟ್ಟೆಯಿಂದ ಒತ್ತಿ ತೆಗೆದ ಮೇಲೆ ಕಲೆಯ ಮೇಲೆ ಹಿಟ್ಟನ್ನು ದಪ್ಪಗೆ ಉದುರಿಸಿ, ಅರ್ಧ ಗಂಟೆ ಬಿಟ್ಟು ನೋಡಿ. ತಿಳಿಹಳದಿ ಇದ್ದದ್ದು ಗಾಢವಾಗಿ, ಚಿಟಿಕೆಗೆ ಉಂಡೆ ಕಟ್ಟುವಷ್ಟು ಜಿಡ್ಡಾಗಿರುತ್ತದೆ. ಅದನ್ನು ಕೊಡವಿ ಹೊಸ ಹಿಟ್ಟು ಹಾಕಬೇಕು. ಹಿಟ್ಟು ಬಣ್ಣ ಬದಲಿಸದೆ ಉದುರುದುರಾಗಿಯೇ ಉಳಿಯುವವರೆಗೆ ಹೀಗೆ ಮಾಡಬೇಕು. ತಿಳಿಬಣ್ಣದ ಹಾಸಿಗೆ ಕಾರ್ನ್‌ಫ್ಲೋರ್ ಅಥವಾ ಟಾಲ್ಕಂ ಪೌಡರ್ ಒಳ್ಳೆಯದು. ನೀರು ತಾಗಿಸುವ ಮುಂಚೆ ಹಿಟ್ಟನ್ನೆಲ್ಲ ಬ್ರಷ್ಷಿನಿಂದಲೋ ವ್ಯಾಕ್ಯೂಮ್ ಕ್ಲೀನರಿನಿಂದಲೋ ಪೂರ್ತಿ ತೆಗೆಯಿರಿ. ಇಲ್ಲವಾದರೆ ಅದು ಅಂಟಾಗಿ ಕೂರುತ್ತದೆ, ಹುಳುಗಳನ್ನೂ ಕರೆಯುತ್ತದೆ.

ಅಡುಗೆ ಸೋಡಾ ಮತ್ತು ವಿನೆಗರ್ ಸೇರಿಸಿದರೆ ನೊರೆ ಉಕ್ಕುತ್ತದಲ್ಲ, ಆ ನೊರೆಯೇ ಕಲೆ ಕಿತ್ತು ತರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅದು ಕಾರ್ಬನ್ ಡೈ ಆಕ್ಸೈಡ್ ಅನಿಲ. ಒಂದು ಕ್ಷಾರ, ಇನ್ನೊಂದು ಆಮ್ಲ. ಬೆರೆತಾಗ ಒಂದರ ಗುಣವನ್ನು ಇನ್ನೊಂದು ಕಳೆಯುತ್ತದೆ, ಉಳಿಯುವುದು ನೀರು ಮತ್ತು ಸೋಡಿಯಂ ಅಸಿಟೇಟ್ ಎಂಬ ಲವಣ. ಅದಕ್ಕೆ ಎಣ್ಣೆಯ ಗೊಡವೆ ಇಲ್ಲ. ಬ್ಲೀಚ್ ಇನ್ನೂ ಕೆಟ್ಟದ್ದು. ಅದು ಎಣ್ಣೆಯನ್ನು ಹಾಗೇ ಬಿಟ್ಟು ಹಾಸಿನ ಬಣ್ಣವನ್ನು ತೆಗೆಯುತ್ತದೆ.

ಬಿಸಿಲಿಗೆ ಹಾಕಿದರೆ ಎಲ್ಲ ಕಲೆ ಹೋಗುತ್ತದೆ ಎಂಬ ನಂಬಿಕೆಗೆ ಒಂದು ಮೂಲವಿದೆ. ಅರಿಸಿನದ ಕಲೆ ಬಿಸಿಲಿಗೆ ನಿಜಕ್ಕೂ ಮಾಸುತ್ತದೆ, ಅದರ ಬಣ್ಣ ಬೆಳಕನ್ನು ತಾಳುವುದಿಲ್ಲ. ಎಣ್ಣೆಯದು ತದ್ವಿರುದ್ಧ. ಉತ್ತರ ಕರ್ನಾಟಕದ ಅಡುಗೆಮನೆಯ ಕುಸುಬೆ ಎಣ್ಣೆ, ಎಲ್ಲೆಡೆ ಬಳಕೆಯಲ್ಲಿರುವ ಸೂರ್ಯಕಾಂತಿ ಎಣ್ಣೆ, ದೀಪಕ್ಕೆ ಸುರಿಯುವ ಎಳ್ಳೆಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನಿಧಾನವಾಗಿ ಗಟ್ಟಿಯಾಗುತ್ತವೆ, ಹಳದಿಯ ಅಂಟಾಗುತ್ತವೆ. ಒಲೆಯ ಹಿಂದಿನ ಗೋಡೆಗೆ ಸಿಡಿದ ಎಣ್ಣೆ ಕೆಲವು ತಿಂಗಳಿಗೆ ಉಗುರಿಗೂ ಬಗ್ಗದ ಪದರವಾಗುವುದು ಹೀಗೆಯೇ. ಬಿಸಿಲಿನ ಶಾಖ, ಬೆಳಕು ಎರಡೂ ಈ ಕೆಲಸವನ್ನು ಚುರುಕುಗೊಳಿಸುತ್ತವೆ. ಎಣ್ಣೆ ಪೂರ್ತಿ ಹೋಗುವ ತನಕ ಹಾಸನ್ನು ಬಿಸಿಲಿಗೂ ಇಸ್ತ್ರಿಗೂ ಒಡ್ಡಬೇಡಿ. ಕೊಬ್ಬರಿ ಮತ್ತು ಹರಳೆಣ್ಣೆ ಹೀಗೆ ಒಣಗುವ ಜಾತಿಯವಲ್ಲ, ಅವುಗಳ ಹಳೆಯ ಕಲೆಗೂ ಆಸೆ ಇಟ್ಟುಕೊಳ್ಳಬಹುದು.

ಸೀಮೆಎಣ್ಣೆ, ಪೆಟ್ರೋಲ್ ಎಣ್ಣೆಯನ್ನು ಕರಗಿಸುವುದು ನಿಜ. ಕರಗಿದ ಎಣ್ಣೆ ಹೋಗುವುದು ಎಲ್ಲಿಗೆ? ಹಾಸಿನ ಅಡಿಗೇ. ಕಾರ್ಪೆಟ್ಟಿನ ಹಿಂಬದಿಯ ರಬ್ಬರ್ ಅಂಟು ಮೆತ್ತಗಾಗುತ್ತದೆ, ವಾಸನೆ ವಾರಗಟ್ಟಲೆ ಬಿಡುವುದಿಲ್ಲ. ಪೆಟ್ರೋಲಿನ ಆವಿಯಂತೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ದಯವಿಟ್ಟು ಮನೆಯೊಳಗೆ ಇದನ್ನು ಮಾಡಬೇಡಿ.

ಹಿಟ್ಟು ಹೀರಿದ ಮೇಲೆ ಉಳಿದದ್ದಕ್ಕೆ ಪಾತ್ರೆ ತೊಳೆಯುವ ದ್ರವ ಸಾಕು. ಅದರ ಕಣದ ಒಂದು ತುದಿ ಎಣ್ಣೆಯನ್ನು, ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ಹಾಗಾಗಿ ಎಣ್ಣೆ ನೀರಿನೊಂದಿಗೆ ಎದ್ದು ಬರುತ್ತದೆ. ಒಂದು ಲೀಟರ್ ಉಗುರುಬೆಚ್ಚನೆಯ ನೀರಿಗೆ ಒಂದು ಸಣ್ಣ ಚಮಚ. ಹೆಚ್ಚು ಸೋಪು ಹಾಕಿದರೆ ಹೆಚ್ಚು ಶುದ್ಧ ಎನ್ನುವುದು ಸುಳ್ಳು. ಹಾಸಿನಲ್ಲಿ ಉಳಿದ ಸೋಪು ಮತ್ತೆ ಧೂಳನ್ನು ಹಿಡಿಯುತ್ತದೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸಾಬೂನು ಬಿಲ್ಲೆ ಬಳಸಿದರೆ ಬೂದುಬಣ್ಣದ ಕಿಟ್ಟ ಬೇರೆ ಕೂರುತ್ತದೆ. ಮೊದಲು ಮೂಲೆಯಲ್ಲಿ ಒಂದು ಹನಿ ಹಾಕಿ, ಬಿಳಿಬಟ್ಟೆಗೆ ಬಣ್ಣ ಬರುತ್ತದೆಯೇ ನೋಡಿಕೊಳ್ಳಿ. ನವಲಗುಂದದ ಜಮಖಾನದಂಥ ಕೈಮಗ್ಗದ ಹಾಸುಗಳಲ್ಲಿ ಕೆಂಪು, ಕಪ್ಪು, ಹಳದಿ ಅಕ್ಕಪಕ್ಕವೇ ಇರುವುದರಿಂದ ಈ ಪರೀಕ್ಷೆಯನ್ನು ಬಿಡಲೇಬಾರದು.

ಹತ್ತಿಗೆ ಒಗ್ಗಿದ್ದು ಉಣ್ಣೆಗೂ ಒಗ್ಗುತ್ತದೆ ಎಂಬ ನಂಬಿಕೆಯಿಂದ ಹಾಳಾದ ಕಂಬಳಿಗಳು ಎಷ್ಟೋ. ಉಣ್ಣೆ ನಮ್ಮ ಕೂದಲಿನಂತೆಯೇ ಪ್ರೋಟೀನಿನ ಎಳೆ. ಬಿಸಿನೀರಿನಲ್ಲಿ ತಿಕ್ಕಿದರೆ ಅದರ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕಂಬಳಿ ಕುಗ್ಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ವಾಷಿಂಗ್ ಸೋಡಾ ಎಳೆಯನ್ನು ಸವೆಸುತ್ತದೆ, ಬ್ಲೀಚ್ ಕರಗಿಸಿಯೇ ಬಿಡುತ್ತದೆ. ಇಲ್ಲಿ ರೇಷ್ಮೆ ಸೀರೆಗೆ ಬಳಸುವ ಅಂಟುವಾಳವೇ ಹಿತ. ಸೀಗೆಕಾಯಿಯೂ ಜಿಡ್ಡು ಬಿಡಿಸುತ್ತದೆ, ಆದರೆ ಅದರದೇ ಕಂದುಬಣ್ಣ ಬಿಳಿ ಉಣ್ಣೆಗೆ ಹತ್ತಬಹುದು. ಕುರಿ ಉಣ್ಣೆಯ ನಾಡಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿ ಬಿಗಿ ಮಾಡಿರುತ್ತಾರೆ. ಅದನ್ನು ಪೂರ್ತಿ ನೆನೆಸಿದರೆ ಬಿಗಿಯೇ ಹೋಗುತ್ತದೆ. ಕಲೆ ಇರುವಷ್ಟೇ ಜಾಗವನ್ನು ಒದ್ದೆ ಮಾಡಿ, ಒತ್ತಿ ತೆಗೆದು, ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ. ಸೆಣಬಿನ ಹಾಸಿಗೆ ಹಿಟ್ಟು ಮಾತ್ರ ಸಾಕು, ಏಕೆಂದರೆ ನೀರು ತಾಗಿದ ಸೆಣಬು ಒಣಗುವಾಗ ತಾನೇ ಕಂದಾಗುತ್ತದೆ.

ಒಣಗಿದ ಮರುದಿನ ಕಲೆ ಮತ್ತೆ ಮೇಲೆ ಬಂದರೆ ಕೆಲಸ ಕೆಟ್ಟಿತೆಂದು ಕೈಬಿಡಬೇಡಿ. ನೀರು ಆರುವಾಗ ಅಡಿಯಲ್ಲಿದ್ದ ಎಣ್ಣೆಯನ್ನು ನೂಲಿನ ತುದಿಗೆ ಏರಿಸಿರುತ್ತದೆ. ಈಗ ಅದು ಕೈಗೆಟುಕುವ ಜಾಗದಲ್ಲಿದೆ. ಇನ್ನೊಮ್ಮೆ ಹಿಟ್ಟು ಹಾಕಿ, ಮೇಲೊಂದು ಬಿಳಿಬಟ್ಟೆ, ಅದರ ಮೇಲೆ ಭಾರದ ಪುಸ್ತಕ ಇಟ್ಟು ರಾತ್ರಿಯಿಡೀ ಬಿಡಿ.