"ವಯಸ್ಸಾಯ್ತಲ್ಲ, ಅಷ್ಟೇ" ಅನ್ನೋ ಮೊದಲು: ಪಾರ್ಸಿ ಕಾಲೊನಿಗಳಿಂದ ಮುಪ್ಪಿನ ಒಂದು ಪಾಠ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಲೋಕಲ್ ಟ್ರೇನಲ್ಲಿ ನಿಂತೇ ಓದೋರಿಗಾಗಿ ಈ ವಾರದ ಮಾತಿನ ಬರಹರೂಪ ಇಲ್ಲಿದೆ.

ಊರಲ್ಲಿರೋ ಅಪ್ಪ-ಅಮ್ಮನ ಯಾವ ತೊಂದರೆಗೂ ನಮ್ಮ ಹತ್ರ ಒಂದು ಸಿದ್ಧ ಉತ್ತರ ಇರುತ್ತೆ: "ವಯಸ್ಸಾಯ್ತಲ್ಲ." ತೊಡೆ ಮೇಲೆ ಸುಮ್ಮನೆ ಇಟ್ಟ ಕೈ ನಡುಗಿದರೂ ಅದೇ, ನಡಿಗೆ ನಿಧಾನವಾದರೂ ಅದೇ. ಆದರೆ ವಯಸ್ಸು ಅನ್ನೋದು ನಿಜವಾಗಿ ಏನು ಮಾಡುತ್ತೆ?

ನಾನು ಗ್ರಾಂಟ್ ರೋಡಲ್ಲಿ ಇಳಿಯೋದು ಹೆಚ್ಚಾಗಿ ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಗಳಿಗಾಗಿ. ಸ್ಟೇಷನ್ ಎದುರಿಗೇ 1914ರಲ್ಲಿ ಶುರುವಾದ ಬಿ. ಮೆರ್ವಾನ್ ಇರಾನಿ ಹೋಟೆಲ್ ಇತ್ತು. ಪಶ್ಚಿಮಕ್ಕೆ ಹ್ಯೂಸ್ ರೋಡ್ ಕಡೆ ನಡೆದರೆ ಪಾರ್ಸಿಗಳ ಖರೇಘಾಟ್ ಕಾಲೊನಿ. 2011ರ ಜನಗಣತಿ ಪ್ರಕಾರ ಇಡೀ ದೇಶದಲ್ಲಿ ಪಾರ್ಸಿಗಳು 57,264 ಮಂದಿ. ಮಕ್ಕಳು ಕಡಿಮೆ, ಹಿರಿಯರು ಹೆಚ್ಚು. ಹಾಗಾಗಿ ಮುಪ್ಪನ್ನು ಅಧ್ಯಯನ ಮಾಡೋರ ಕಣ್ಣು ಈ ಸಮುದಾಯದ ಮೇಲೆ ಬಿದ್ದಿದೆ.

ಮುಂಬೈನ ನರರೋಗ ತಜ್ಞ ಭರೂಚಾ ಮತ್ತು ತಂಡ ಪಾರ್ಸಿ ಕಾಲೊನಿಗಳಲ್ಲಿ ಮನೆಮನೆಗೆ ಹೋಗಿ 14,010 ಜನರ ಸಮೀಕ್ಷೆ ಮಾಡಿ 1988ರಲ್ಲಿ ಪ್ರಕಟಿಸಿತು. ಪಾರ್ಕಿನ್ಸನ್ ಕಾಯಿಲೆ ಇದ್ದವರು 46 ಮಂದಿ, ಅಂದ್ರೆ ಲಕ್ಷಕ್ಕೆ ಸುಮಾರು 328. ಬೆಂಗಳೂರು ಸುತ್ತಮುತ್ತ ನಿಮ್ಹಾನ್ಸ್‌ನವರು ಮಾಡಿದ ಸಮೀಕ್ಷೆಯಲ್ಲಿ ಸಿಕ್ಕ ಪ್ರಮಾಣಕ್ಕಿಂತ ಇದು ಎಷ್ಟೋ ಪಟ್ಟು ಜಾಸ್ತಿ. ಇದಕ್ಕೆ ಒಂದು ದೊಡ್ಡ ಕಾರಣ ಅಲ್ಲಿ ವಯಸ್ಸಾದವರೇ ಹೆಚ್ಚಿದ್ದದ್ದು. ವಯಸ್ಸಿನ ವ್ಯತ್ಯಾಸ ಸರಿದೂಗಿಸಿ ಲೆಕ್ಕ ಹಾಕಿದಾಗ ಆ ಸಂಖ್ಯೆ ಸಾಕಷ್ಟು ಇಳಿಯಿತು. ಆದರೆ ಇನ್ನೊಂದು ಮುಖ ನೋಡಿ: ಅಷ್ಟು ಹಿರಿಯರಿದ್ದ ಜಾಗದಲ್ಲೂ ಬಹುತೇಕರಿಗೆ ಆ ಕಾಯಿಲೆ ಇರಲಿಲ್ಲ. ವಯಸ್ಸು ಅಪಾಯ ಹೆಚ್ಚಿಸುತ್ತೆ, ನಿಜ. ವಯಸ್ಸಾದ ಮಾತ್ರಕ್ಕೇ ಕಾಯಿಲೆ ಬರುತ್ತೆ ಅನ್ನೋಕಾಗಲ್ಲ.

ಹಾಗಾದ್ರೆ ದೇಹದೊಳಗೆ ಆಗೋದೇನು? 1961ರಲ್ಲಿ ಹೇಫ್ಲಿಕ್ ಅನ್ನೋ ವಿಜ್ಞಾನಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮನುಷ್ಯನ ಜೀವಕೋಶ ಸುಮಾರು 50 ಸಲ ಒಡೆದು ನಿಂತುಬಿಡುತ್ತೆ ಅಂತ ತೋರಿಸಿದ. ಪ್ರತಿ ಸಲವೂ ಕ್ರೋಮೋಸೋಮಿನ ತುದಿ, ಅಂದ್ರೆ ಟೆಲೋಮಿಯರ್, ಸ್ವಲ್ಪ ಸವೆಯುತ್ತೆ. ಟೆಲೋಮಿಯರ್ ಸಂಶೋಧನೆಗೆ 2009ರಲ್ಲಿ ನೊಬೆಲ್ ಬಂತು. ಆದರೆ ಮಿದುಳಿನ ನರಕೋಶಗಳು ಹೆಚ್ಚುಕಡಿಮೆ ಒಡೆಯೋದೇ ಇಲ್ಲ. ಕೈನಡುಕಕ್ಕೆ ಈ ಸಿದ್ಧಾಂತ ಸಾಲದು.

ಅಲ್ಲಿಗೆ ಬೇರೆ ಎರಡು ವಿವರಣೆ ಬೇಕು. ಒಂದು, ಹಾರ್ಮನ್ 1956ರಲ್ಲಿ ಹೇಳಿದ್ದು: ಶಕ್ತಿ ತಯಾರಾಗುವಾಗ ಹುಟ್ಟೋ ಫ್ರೀ ರ‍್ಯಾಡಿಕಲ್‌ಗಳು ಕೋಶಕ್ಕೇ ಏಟು ಕೊಡುತ್ತವೆ. ಇನ್ನೊಂದು, ಹಾಳಾದ ಪ್ರೋಟೀನನ್ನು ಗುಡಿಸಿ ಹಾಕೋ ವ್ಯವಸ್ಥೆ ನಿಧಾನವಾಗೋದು. ನಮ್ಮ ಭಾಷೆಯಲ್ಲಿ, ಗಾರ್ಬೇಜ್ ಕಲೆಕ್ಟರ್ ಕೈಕೊಟ್ಟ ಹಾಗೆ. ಪಾರ್ಕಿನ್ಸನ್‌ನಲ್ಲಿ ಆಲ್ಫಾ-ಸಿನ್ಯೂಕ್ಲಿನ್ ಅನ್ನೋ ಪ್ರೋಟೀನ್ ಗಂಟುಕಟ್ಟುತ್ತೆ, ಡೋಪಮಿನ್ ತಯಾರಿಸೋ ಕೋಶಗಳು ಸಾಯುತ್ತವೆ.

ಪ್ರಕೃತಿ ಇದನ್ನ ಯಾಕೆ ಸರಿಮಾಡಲಿಲ್ಲ? ಮೆಡವಾರ್ 1952ರಲ್ಲಿ ಕೊಟ್ಟ ಉತ್ತರ: ಮಕ್ಕಳಾಗಿ ಬೆಳೆದ ಮೇಲೆ ಬರೋ ದೋಷದ ಮೇಲೆ ವಿಕಾಸದ ಹಿಡಿತ ಕಡಿಮೆ. 1977ರಲ್ಲಿ ಕರ್ಕ್‌ವುಡ್ ಅದಕ್ಕೆ ಬಜೆಟ್ ಲೆಕ್ಕ ಸೇರಿಸಿದ. ದೇಹಕ್ಕೆ ಸಿಗೋ ಶಕ್ತಿ ಸೀಮಿತ; ಸಂತಾನಕ್ಕೆ ಖರ್ಚಾದದ್ದು ರಿಪೇರಿಗೆ ಸಿಗಲ್ಲ. ಮೇಂಟೆನೆನ್ಸ್‌ಗೆ ದುಡ್ಡು ಉಳಿಸದ ಪ್ರಾಜೆಕ್ಟ್ ನಾವೂ ನೋಡಿದೀವಲ್ಲ!

ಹಾಗಂತ ಊರಿಗೆ ಆಂಟಿಆಕ್ಸಿಡೆಂಟ್ ಮಾತ್ರೆ ಡಬ್ಬಿ ಆರ್ಡರ್ ಮಾಡಬೇಡಿ. ಫಿನ್ಲೆಂಡಿನಲ್ಲಿ ಧೂಮಪಾನಿ ಗಂಡಸರಿಗೆ ಬೀಟಾ ಕ್ಯಾರೊಟಿನ್ ಮಾತ್ರೆ ಕೊಟ್ಟು ನೋಡಿದರು. 1994ರಲ್ಲಿ ಫಲಿತಾಂಶ ಬಂದಾಗ ಮಾತ್ರೆ ತಿಂದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿ ಇತ್ತು.

ಆ ದುಡ್ಡಲ್ಲಿ ಒಂದು ಸಲ ನರರೋಗ ತಜ್ಞರಿಗೆ ತೋರಿಸಿ. ಒಂದೇ ಕಡೆಯ ಕೈನಡುಕ, ಚಿಕ್ಕದಾಗ್ತಾ ಹೋಗೋ ಕೈಬರಹ, ವಾಸನೆ ಗೊತ್ತಾಗದಿರೋದು, ಕೈ ಬೀಸದ ನಡಿಗೆ: ಇವನ್ನ ಡಾಕ್ಟರಿಗೆ ಹೇಳಿ. ನಡುಕ ಥೈರಾಯ್ಡಿನಿಂದಲೋ ಬೇರೆ ಔಷಧಿಯಿಂದಲೋ ಬಂದಿದ್ದರೆ ಅದನ್ನ ಸರಿಮಾಡಬಹುದು. ಪಾರ್ಕಿನ್ಸನ್ನೇ ಆಗಿದ್ದರೂ ಲೆವೊಡೋಪಾ ಅನ್ನೋ ಔಷಧಿ ಇದೆ. ಅದು ಕೋಶಗಳ ಸಾವು ನಿಲ್ಲಿಸಲ್ಲ. ಆದರೆ ಅಂಗಿ ಗುಂಡಿ ತಾವೇ ಹಾಕಿಕೊಳ್ಳೋ ಹಾಗೆ ಎಷ್ಟೋ ವರ್ಷ ನಡೆಸುತ್ತೆ. ಆ ವರ್ಷಗಳನ್ನ "ವಯಸ್ಸಾಯ್ತಲ್ಲ" ಅನ್ನೋ ಒಂದು ಮಾತಿಗೆ ಬಿಟ್ಟುಕೊಡಬೇಡಿ.

ಮುಂದಿನ ವಾರ ಮಂಡಿನೋವಿನ ಬಗ್ಗೆ ಮಾತಾಡೋಣ. ಸಿಗೋಣ.